ಕೆರೆಯಂಚಿನ ನಡಿಗೆ ದಾರಿ: ಗೇಟಿಗೆ ಬೀಗ ಬೀಳದಂತೆ, ನೆರೆಮನೆಯ ನೆಮ್ಮದಿ ಕೆಡದಂತೆ ಏರ್ಪಾಡು ಮಾಡುವ ಬಗೆ

ಬೆಂಗಳೂರಿನಲ್ಲಿ ಹೂಳೆತ್ತಿ, ಬೇಲಿ ಹಾಕಿ, ಸುತ್ತಲೂ ನಡಿಗೆ ದಾರಿ ಮಾಡಿದ ಕೆರೆಗಳಲ್ಲಿ ಮುಖ್ಯ ದ್ವಾರವಲ್ಲದೆ ಇನ್ನೊಂದು ಸಣ್ಣ ಗೇಟು ಸಾಮಾನ್ಯವಾಗಿ ಇರುತ್ತದೆ. ಅದು ಯಾವುದೋ ಬಡಾವಣೆಯ ಕೊನೆಯ ಅಡ್ಡರಸ್ತೆ ಮುಗಿಯುವಲ್ಲಿ, ಎರಡು ಮನೆಗಳ ಕಾಂಪೌಂಡಿನ ನಡುವೆ ಇರುತ್ತದೆ. ಕೆರೆಯ ಆಚೆ ದಡದ ಕಾಲೋನಿಯಿಂದ ಈಚೆಯ ಮನೆಗಳಿಗೆ ಕೆಲಸಕ್ಕೆ ಬರುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಅದು ಹತ್ತಿರದ ದಾರಿ. ಅದೇ ಗೇಟಿನ ಪಕ್ಕದ ಮನೆಯವರಿಗೆ ಅದು ರಾತ್ರಿ ಹತ್ತರ ನಂತರ ಬಾಟಲಿ ಒಡೆಯುವ ಸದ್ದು ಬರುವ ಜಾಗ. ಒಂದು ದಿನ ಕಳ್ಳತನವೋ ಜಗಳವೋ ನಡೆಯುತ್ತದೆ, ಮರುದಿನ ಗೇಟಿಗೆ ಬೀಗ ಬೀಳುತ್ತದೆ, ಆಮೇಲೆ ಆ ಬೀಗ ತೆಗೆಸಲು ವರ್ಷಗಳೇ ಬೇಕಾಗುತ್ತವೆ.

ಈ ಮಾರ್ಗದರ್ಶಿಯನ್ನು ಬರೆದಿರುವುದು ಅಂಥ ಗೇಟಿನ ಎರಡೂ ಬದಿಯವರಿಗಾಗಿ. ಇದರಲ್ಲಿ ನನ್ನದೊಂದು ನಿಲುವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ನಿವಾಸಿಗಳ ಆತಂಕ ಬಹುಮಟ್ಟಿಗೆ ನಿಜವಾದದ್ದೇ, ಆದರೆ ಅದು ಇಡೀ ದಾರಿಗೆ, ಇಡೀ ದಿನಕ್ಕೆ ಸಂಬಂಧಿಸಿದ್ದಲ್ಲ. ಅದು ಕೆಲವು ಅಡಿ ಜಾಗಕ್ಕೆ, ಕೆಲವು ಗಂಟೆಗಳಿಗೆ ಸಂಬಂಧಿಸಿದ್ದು. ಆ ಜಾಗ ಮತ್ತು ಆ ಹೊತ್ತನ್ನು ಗುರುತಿಸದೆ ಮಾಡುವ ಸಭೆಗಳೆಲ್ಲ ಕೂಗಾಟದಲ್ಲೇ ಮುಗಿಯುತ್ತವೆ.

ಮೊದಲ ಹೆಜ್ಜೆ: ಗಡಿ ಯಾವುದು ಎಂದು ಕಾಗದದಲ್ಲಿ ನೋಡಿ

ಸಭೆ ಕರೆಯುವ ಮುನ್ನ ಜಾಗದ ದಾಖಲೆ ಕೈಯಲ್ಲಿರಬೇಕು. ಬೇಕಾದ ಕಾಗದಗಳು ಹೆಚ್ಚೇನಿಲ್ಲ: ಕಂದಾಯ ಗ್ರಾಮದ ನಕಾಶೆ, ಕೆರೆಯ ಸರ್ವೆ ನಂಬರಿನ ಪಹಣಿ ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ತೋರಿಸುವ ದಾಖಲೆ), ಭೂಮಾಪನ ಇಲಾಖೆ ಕೆರೆಯನ್ನು ಅಳತೆ ಮಾಡಿ ಸಿದ್ಧಪಡಿಸಿದ ನಕ್ಷೆ, ಪಕ್ಕದ ಬಡಾವಣೆಯ ಅನುಮೋದಿತ ನಕ್ಷೆ. ಹಳೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕಿಗೆರೆಗಳಲ್ಲಿ ಗುರುತಿಸಿರುತ್ತಾರೆ. ಇಂದಿನ ಸಣ್ಣ ಗೇಟು ಇರುವ ಕಡೆಯಲ್ಲೇ ಅಂಥ ಗೆರೆಯೊಂದು ಕೆರೆ ಏರಿಯನ್ನು ಮುಟ್ಟಿರುವುದು ಕಂಡರೆ ನಿಮ್ಮ ವಾದದ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಮೊಬೈಲ್‌ನಲ್ಲಿ ದೊರೆಯುವ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಅದನ್ನು ಸುಳಿವೆಂದು ಬಳಸಿ, ಸಾಕ್ಷ್ಯವೆಂದಲ್ಲ. ಗಡಿ ನಿಗದಿಯಾಗುವುದು ಭೂಮಾಪಕರ ಅಳತೆಯಿಂದ ಮತ್ತು ಗಡಿಕಲ್ಲಿನಿಂದ.

ಪಹಣಿಯಲ್ಲಿ ಖರಾಬು ಎಂದು ಬರೆದಿದ್ದರೆ ಅದು ‘ಎ’ ಖರಾಬೋ ‘ಬಿ’ ಖರಾಬೋ ಎಂದು ಕೇಳಿ ತಿಳಿಯಿರಿ. ಸಾಗುವಳಿಗೆ ಬಾರದ ಜಮೀನಿನ ಭಾಗ ‘ಎ’ ಖರಾಬು. ಅದು ಹಿಡುವಳಿಯ ಜೊತೆಗೇ ಹೋಗುತ್ತದೆ. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ‘ಬಿ’ ಖರಾಬು; ಅದು ಸರ್ಕಾರದ್ದು. ಈ ಒಂದು ಅಕ್ಷರದ ವ್ಯತ್ಯಾಸ ತಿಳಿಯದೆ ಎರಡೂ ಕಡೆಯವರು ವರ್ಷಗಟ್ಟಲೆ ಜಗಳವಾಡಿದ್ದನ್ನು ಕಂಡಿದ್ದೇನೆ.

ಕಾಗದಗಳು ಸುಲಭವಾಗಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು ಮತ್ತು ಅದು 150 ಪದ ಮೀರಬಾರದು. ಆದ್ದರಿಂದ ನಕಾಶೆಗೆ ಒಂದು, ಬಡಾವಣೆ ನಕ್ಷೆಗೆ ಇನ್ನೊಂದು ಎಂದು ಬೇರೆ ಬೇರೆ ಅರ್ಜಿ ಬರೆಯಿರಿ. 30 ದಿನಗಳಲ್ಲಿ ಉತ್ತರ ಬರಬೇಕು.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ, ಅದು ಕೆರೆಯ ಮೀಸಲು ವಲಯ, ಅಂದರೆ ಬಫರ್. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ–2015 ಕೆರೆಯ ಸುತ್ತ 30 ಮೀಟರ್ ಮೀಸಲು ವಲಯವನ್ನು ಗೊತ್ತುಮಾಡಿತು. ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಇಟ್ಟಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗಳ ಮಟ್ಟಿಗೆ ಇದನ್ನು 75 ಮೀಟರ್‌ಗೆ ಏರಿಸಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ಪದೇ ಪದೇ ತಿದ್ದುಪಡಿಯ ಮಾತು ಏಳುವ ವಿಷಯವಾದ್ದರಿಂದ ನೀವು ಕೆಲಸ ಆರಂಭಿಸುವ ದಿನ ಜಾರಿಯಲ್ಲಿರುವ ಅಳತೆ ಎಷ್ಟು ಎಂಬುದನ್ನು ಯೋಜನಾ ಪ್ರಾಧಿಕಾರದಿಂದ ಬರಹದಲ್ಲೇ ಪಡೆಯಿರಿ. ಆದರೆ ಅಳತೆ ಎಷ್ಟೇ ಇರಲಿ, ಮೀಸಲು ವಲಯ ಎಂದರೆ ಸರ್ಕಾರಿ ಜಾಗ ಎಂದರ್ಥವಲ್ಲ. ಅದು ಕಟ್ಟಡ ಕಟ್ಟಬಾರದೆಂಬ ನಿರ್ಬಂಧ. ಖಾಸಗಿ ನಿವೇಶನ ಆ ವಲಯದಲ್ಲಿ ಬಿದ್ದಿದ್ದರೆ ಅದರ ಒಡೆತನ ಮಾಲೀಕನದೇ, ಅದರ ಮೇಲೆ ನಡೆದಾಡುವ ಹಕ್ಕು ಸಾರ್ವಜನಿಕರಿಗೆ ತಾನಾಗಿ ಬರುವುದಿಲ್ಲ. ನಡಿಗೆದಾರರ ಪರವಾಗಿ ಮಾತನಾಡುವವರು ‘ಬಫರ್‌ನಲ್ಲಿದೆ, ಆದ್ದರಿಂದ ನಮ್ಮದು’ ಎಂದು ವಾದಿಸಿದ ಕ್ಷಣದಲ್ಲೇ ಮನೆಯವರ ವಿಶ್ವಾಸ ಕಳೆದುಕೊಳ್ಳುತ್ತಾರೆ, ಮತ್ತು ಕಾನೂನಿನಲ್ಲೂ ಸೋಲುತ್ತಾರೆ.

ಎರಡನೆಯ ಹೆಜ್ಜೆ: ಹಕ್ಕಿನ ಬಗೆಯನ್ನು ಬೇರ್ಪಡಿಸಿ

ದಾಖಲೆ ಸಿಕ್ಕ ಮೇಲೆ ನಿಮ್ಮ ದಾರಿ ಮೂರರಲ್ಲಿ ಯಾವುದೋ ಒಂದು ಬಗೆಯದಾಗಿರುತ್ತದೆ.

ದಾರಿ ಕೆರೆಯ ಗಡಿಯೊಳಗೇ ಇದ್ದರೆ, ಅಂದರೆ ಏರಿಯ ಮೇಲೋ ಬೇಲಿಯ ಒಳಗಿನ ಅಂಚಿನಲ್ಲೋ ಇದ್ದರೆ, ಅದು ಸಾರ್ವಜನಿಕ ಆಸ್ತಿ. ಸರ್ಕಾರ ಜಲಮೂಲಗಳ ಒಡೆಯನಲ್ಲ, ಜನರ ಪರವಾಗಿ ಅವುಗಳನ್ನು ಕಾಯುವ ಧರ್ಮದರ್ಶಿ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ ಕಮಲ್ ನಾಥ್ ಪ್ರಕರಣದಲ್ಲಿ ಒಪ್ಪಿಕೊಂಡಿದೆ. ಬೆಂಗಳೂರಿನಲ್ಲಿ ಇದಕ್ಕೆ ತನ್ನದೇ ಚರಿತ್ರೆಯಿದೆ. 2002ರಲ್ಲಿ ರಚನೆಯಾದ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ, ನಾಗವಾರ ಮುಂತಾದ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ಕೊಡಲು ಹೊರಟಾಗ, 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿಯ ವರದಿಯನ್ನು ಆಧರಿಸಿ 2012ರ ಏಪ್ರಿಲ್‌ನಲ್ಲಿ ಬಂದ ಆದೇಶ ಕೆರೆಗಳ ರಕ್ಷಣೆಗೆ ಸಾರ್ವಜನಿಕ ಚೌಕಟ್ಟನ್ನು ಹಾಕಿಕೊಟ್ಟಿತು. 2014ರ ಕಾಯ್ದೆ, ಇಂದು ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಹೆಸರಿನಲ್ಲಿ ಇರುವುದು, ಒತ್ತುವರಿ ಮತ್ತು ಕಸ ಸುರಿಯುವುದನ್ನು ನಿಷೇಧಿಸುತ್ತದೆ. ನಿವಾಸಿಗಳ ಸಂಘ ಕೆರೆಯನ್ನು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಗೇಟು ಮುಚ್ಚುವ ಅಧಿಕಾರ ಅದರಿಂದ ಹುಟ್ಟುವುದಿಲ್ಲ.

ಗೇಟಿಗೆ ಬರುವ ದಾರಿ ಬಡಾವಣೆಯ ರಸ್ತೆಯಾಗಿದ್ದರೆ ಅನುಮೋದಿತ ನಕ್ಷೆಯನ್ನೂ, ರಸ್ತೆ ಮತ್ತು ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ನೋಂದಾಯಿತ ಪತ್ರವನ್ನೂ ನೋಡಿ. ಬಿಟ್ಟುಕೊಟ್ಟ ರಸ್ತೆಗೆ ಕಾವಲುಗಾರನನ್ನು ನಿಲ್ಲಿಸಿ ಹೊರಗಿನವರನ್ನು ತಡೆಯುವುದು ಎಷ್ಟೇ ರೂಢಿಯಾಗಿದ್ದರೂ ಅದಕ್ಕೆ ಕಾನೂನಿನ ಆಧಾರವಿಲ್ಲ.

ಮೂರನೆಯದು ನಿಜವಾಗಿಯೂ ಖಾಸಗಿ ಜಾಗದ ಮೇಲೆ ಹಾಯುವ ದಾರಿ. ಇಲ್ಲಿ ಸ್ವರವೇ ಬೇರೆಯಾಗಬೇಕು. ಭಾರತೀಯ ಅನುಭೋಗ ಹಕ್ಕು ಕಾಯ್ದೆ, 1882ರ ಪ್ರಕಾರ 20 ವರ್ಷ ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ಬಳಸಿದ ದಾರಿಯ ಮೇಲೆ ಪಕ್ಕದ ಜಮೀನಿನವನಿಗೆ ಹಕ್ಕು ಬರಬಹುದು, ಆದರೆ ‘ಊರಿನವರೆಲ್ಲ ನಡೆಯುತ್ತಿದ್ದರು’ ಎಂಬುದು ಅದೇ ಬಗೆಯ ಹಕ್ಕಲ್ಲ. ಅದನ್ನು ಸಾರ್ವಜನಿಕ ದಾರಿಯೆಂದೋ ರೂಢಿಯ ಹಕ್ಕೆಂದೋ ಬೇರೆಯಾಗಿಯೇ ಸಾಬೀತು ಮಾಡಬೇಕು. ಅದಿಲ್ಲದಿದ್ದರೆ ಉಳಿಯುವ ದಾರಿ ಮಾತುಕತೆ, ಖರೀದಿ, 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ, ಅಥವಾ ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಅಭಿವೃದ್ಧಿ ಹಕ್ಕು, ಅಂದರೆ ಟಿಡಿಆರ್. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆನ್ನುವ ಸಂವಿಧಾನದ 300ಎ ವಿಧಿ ಇರುವುದೇ ಇದಕ್ಕಾಗಿ. ಐದಡಿ ಜಾಗವೇ ತಾನೆ ಎಂದು ಯಾರೂ ಸರಳವಾಗಿ ಹೇಳಬಾರದು. ಸಾಲ ಮಾಡಿ ಮೂವತ್ತು–ನಲವತ್ತರ ನಿವೇಶನ ಕೊಂಡವನಿಗೆ ಐದಡಿ ಎಂದರೆ ಆರನೆಯ ಒಂದು ಪಾಲು.

ಮೂರನೆಯ ಹೆಜ್ಜೆ: ಆತಂಕಕ್ಕೆ ಜಾಗ ಮತ್ತು ಹೊತ್ತು ಬರೆಯಿರಿ

ಈ ಹೆಜ್ಜೆಗೆ ಒಂದು ತಿಂಗಳಾದರೂ ಕೊಡಿ. ಕೆರೆಯ ನಕ್ಷೆಯೊಂದನ್ನು ದೊಡ್ಡದಾಗಿ ಮುದ್ರಿಸಿ, ದಾರಿಯನ್ನು ನೂರು ನೂರು ಮೀಟರಿನ ತುಂಡುಗಳಾಗಿ ಗುರುತಿಸಿ ಸಂಖ್ಯೆ ಕೊಡಿ. ದಾರಿಗೆ ಬೆನ್ನು ಹಾಕಿರುವ ಪ್ರತಿ ಮನೆಗೂ ಹೋಗಿ; ಸಭೆಗೆ ಅವರನ್ನು ಕರೆಯುವುದಕ್ಕಿಂತ ಅವರ ಹಿತ್ತಲಿನಲ್ಲಿ ನಿಂತು ನೋಡುವುದು ಮೇಲು. ‘ಭದ್ರತೆ ಇಲ್ಲ’ ಎಂಬ ಮಾತಿಗೆ ನಿಲ್ಲಬೇಡಿ. ಏನಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂದು ಕೇಳಿ ಆ ತುಂಡಿನ ಸಂಖ್ಯೆಯ ಎದುರು ಬರೆದುಕೊಳ್ಳಿ.

ಹೀಗೆ ಬರೆದಾಗ ‘ಭದ್ರತೆ’ ಎಂಬ ಒಂದು ಪದ ಹತ್ತಾಗಿ ಒಡೆಯುತ್ತದೆ. ಏರಿಯ ಮೇಲಿನ ದಾರಿ ಮನೆಯ ನೆಲಕ್ಕಿಂತ ಎತ್ತರದಲ್ಲಿರುವುದರಿಂದ ನಡೆಯುವವರಿಗೆ ಮಲಗುವ ಕೋಣೆಯ ಕಿಟಕಿ ಕಾಣುತ್ತದೆ ಎಂಬುದು ಒಂದು ದೂರು. ಅದು ಕಳ್ಳತನದ ವಿಷಯವಲ್ಲ, ಆದರೆ ಮನೆಯ ಹೆಣ್ಣುಮಕ್ಕಳು ಪ್ರತಿದಿನ ಅನುಭವಿಸುವ ಕಿರಿಕಿರಿ ಅದು, ಮತ್ತು ಸಭೆಯಲ್ಲಿ ಗಂಡಸರು ಎದ್ದು ಅದನ್ನು ಹೇಳುವುದಿಲ್ಲ. ಭಾನುವಾರ ಬೆಳಿಗ್ಗೆ ದೂರದಿಂದ ಕಾರಿನಲ್ಲಿ ನಡಿಗೆಗೆ ಬಂದವರು ಮನೆಯ ಗೇಟಿಗೆ ಅಡ್ಡ ನಿಲ್ಲಿಸುವುದು ಇನ್ನೊಂದು. ಐದೂವರೆಗೆ ಮೊಬೈಲಿನಲ್ಲಿ ಸುಪ್ರಭಾತ ಹಾಕಿಕೊಂಡು ಹೋಗುವವರು, ಬೀದಿನಾಯಿಗೆ ಅನ್ನ ಸುರಿದು ಹೋಗುವವರು, ಕೋಡಿಯ ಹತ್ತಿರ ಕಟ್ಟೆಯ ಮೇಲೆ ಕುಡಿಯಲು ಕೂರುವವರು, ಈಜಲು ಇಳಿಯುವ ಹುಡುಗರು — ಪ್ರತಿಯೊಂದಕ್ಕೂ ಬೇರೆ ಜಾಗ, ಬೇರೆ ಹೊತ್ತು, ಬೇರೆ ಮದ್ದು. ಇವುಗಳಲ್ಲಿ ಗೇಟಿಗೆ ಬೀಗ ಹಾಕಿದರೆ ಪರಿಹಾರವಾಗುವುದು ಎಷ್ಟು ಎಂದು ಎಣಿಸಿ ನೋಡಿ. ಕುಡಿಯುವವರು ಬೇಲಿ ಹಾರುತ್ತಾರೆ. ಬೀಗ ತಡೆಯುವುದು ಸೀರೆ ಉಟ್ಟು ಬುತ್ತಿ ಹಿಡಿದು ಬರುವ ಮನೆಗೆಲಸದಾಕೆಯನ್ನು, ಕೋಲೂರಿ ನಡೆಯುವ ಅಜ್ಜನನ್ನು.

ಜೊತೆಗೆ ನೀವೇ ಮೂರು ಹೊತ್ತು ದಾರಿಯನ್ನು ನಡೆಯಿರಿ: ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಎಂಟು. ತಂಡದಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಲಿ, ಅವರು ಎಲ್ಲಿ ಹೆಜ್ಜೆ ಚುರುಕು ಮಾಡಿದರು ಎಂಬುದನ್ನು ಗುರುತಿಸಿ. ಮಧ್ಯಾಹ್ನದ ನಿರ್ಜನ ಹೊತ್ತು ರಾತ್ರಿಗಿಂತ ಹೆಚ್ಚು ಅಂಜಿಕೆ ತರುವುದು ಅನೇಕ ಕೆರೆಗಳಲ್ಲಿ ಕಂಡ ಸಂಗತಿ. ಬೀಟ್ ಪೊಲೀಸರನ್ನು ಒಮ್ಮೆ ಜೊತೆಯಲ್ಲಿ ಕರೆದುಕೊಂಡು ಹೋಗಿ; ದಾರಿಯಿಂದಾಗಿ ಕಳ್ಳತನ ಹೆಚ್ಚಿದೆ ಎಂಬ ಮಾತಿದ್ದರೆ ದಾರಿ ಆಗುವ ಮುನ್ನ ಮತ್ತು ಆದ ನಂತರದ ದೂರುಗಳ ಸಂಖ್ಯೆಯನ್ನು ಠಾಣೆಯಿಂದ ಕೇಳಿ ಪಡೆಯಿರಿ. ಸಂಖ್ಯೆ ನಿಮ್ಮ ವಿರುದ್ಧ ಬಂದರೂ ಅದನ್ನು ಮುಚ್ಚಿಡಬೇಡಿ.

ನಾಲ್ಕನೆಯ ಹೆಜ್ಜೆ: ಸಭೆಗೆ ಬಾರದವರನ್ನು ಹುಡುಕಿ

ಭಾನುವಾರ ಹನ್ನೊಂದು ಗಂಟೆಗೆ ಕ್ಲಬ್ ಹೌಸಿನಲ್ಲಿ ಸಭೆ ಕರೆದರೆ ಯಾರು ಬರುತ್ತಾರೆಂದು ಬೇರೆ ಹೇಳಬೇಕಿಲ್ಲ. ಗೇಟಿನ ಬಳಿ ವಾರದ ಒಂದು ಕೆಲಸದ ದಿನ ಮತ್ತು ಒಂದು ಭಾನುವಾರ ಕುಳಿತು ತಲೆ ಎಣಿಸಿ, ಎಲ್ಲಿಂದ ಎಲ್ಲಿಗೆ ಎಂದು ಕೇಳಿ. ನಡಿಗೆಯ ಹವ್ಯಾಸಕ್ಕೆ ಬರುವವರು ಬೆಳಿಗ್ಗೆ, ಸಂಜೆ ಬರುತ್ತಾರೆ. ದಾರಿಯನ್ನು ದಾರಿಯಾಗಿ ಬಳಸುವವರು ಹತ್ತರಿಂದ ನಾಲ್ಕರ ನಡುವೆ ಬರುತ್ತಾರೆ. ಅನೇಕ ಕೆರೆಗಳಲ್ಲಿ ಅದೇ ಹೊತ್ತಿನಲ್ಲಿ ಗೇಟು ಮುಚ್ಚಿರುತ್ತದೆ ಎಂಬುದು ಆಕಸ್ಮಿಕವಲ್ಲ: ಹೊತ್ತು ಗೊತ್ತುಮಾಡಿದವರು ನಡಿಗೆಯ ಹವ್ಯಾಸದವರು.

ಕೆರೆಗೆ ನಡಿಗೆದಾರರಿಗಿಂತ ಹಳೆಯ ಬಳಕೆದಾರರೂ ಇದ್ದಾರೆ. ಕೆರೆಯ ನೀರು ಬಿಡುತ್ತಿದ್ದ ನೀರುಗಂಟಿಯ ಕಾಲ ಹೋಗಿರಬಹುದು, ಆದರೆ ಮೀನಿನ ಹಕ್ಕು ಪಡೆದವರು, ಬಟ್ಟೆ ಒಗೆಯುವ ಮಡಿವಾಳರು, ದನಕ್ಕೆ ಹುಲ್ಲು ಕೊಯ್ಯುವವರು, ಏರಿಯ ಮೇಲಿನ ಗ್ರಾಮದೇವತೆಯ ಗುಡಿಗೆ ಬರುವವರು ಇದ್ದೇ ಇದ್ದಾರೆ. ಜಕ್ಕೂರು ಕೆರೆಯಲ್ಲಿ ಮೀನುಗಾರಿಕೆಯೂ ಹುಲ್ಲು ಕೊಯ್ಲೂ ನಡಿಗೆ ದಾರಿಯ ಜೊತೆಯಲ್ಲೇ ನಡೆದುಬಂದಿವೆ. ಮಬ್ಬುಗತ್ತಲಲ್ಲಿ ಬಲೆ ಎಳೆಯುವವರು, ಮಧ್ಯಾಹ್ನ ಹುಲ್ಲು ಕೊಯ್ಯುವವರು ಇರುವ ಕೆರೆಯಲ್ಲಿ ನಿರ್ಜನ ಹೊತ್ತು ಕಡಿಮೆ. ಕಾವಲುಗಾರನಿಗೆ ಸಂಬಳ ಕೊಟ್ಟು ಪಡೆಯುವುದನ್ನು ಇವರು ಸುಮ್ಮನೆ ಕೊಡುತ್ತಿದ್ದಾರೆ. ಅವರನ್ನು ಅಪರಿಚಿತರ ಪಟ್ಟಿಗೆ ಸೇರಿಸಿ ಹೊರಗಿಟ್ಟ ಮೇಲೆ ಕ್ಯಾಮೆರಾಗೆ ಹಣ ಹೊಂದಿಸುವುದು ನನಗೆ ಎಂದೂ ಅರ್ಥವಾಗದ ಲೆಕ್ಕ.

ಗೇಟಿನ ಹೊರಗೆ ಎಳನೀರು, ತರಕಾರಿ, ಕಷಾಯ ಮಾರುವವರನ್ನೂ ಮಾತನಾಡಿಸಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಅವರ ಜಾಗವನ್ನು ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಗೊತ್ತುಮಾಡಬಹುದು. ಗೇಟಿನಿಂದ ತುಸು ದೂರ, ಮನೆಯ ಬಾಗಿಲಿಗೆ ಅಡ್ಡವಾಗದಂತೆ ಎರಡು ಗಾಡಿಗಳು ನಿಂತರೆ ಆ ಮೂಲೆ ಕತ್ತಲಾದ ಮೇಲೂ ಒಂದಿಷ್ಟು ಹೊತ್ತು ಎಚ್ಚರವಾಗಿರುತ್ತದೆ.

ಐದನೆಯ ಹೆಜ್ಜೆ: ಕಟ್ಟುವುದರಲ್ಲಿ ಪರಿಹಾರವಾಗುವುದನ್ನು ಮೊದಲು ಮಾಡಿ

ಕಿಟಕಿ ಕಾಣುವ ದೂರಿಗೆ ಎತ್ತರದ ಗೋಡೆ ಮದ್ದಲ್ಲ. ಎರಡೂ ಕಡೆ ಗೋಡೆಯೆದ್ದ ದಾರಿ ಓಣಿಯಾಗುತ್ತದೆ, ಓಣಿಯಲ್ಲಿ ಸಿಕ್ಕಿಬಿದ್ದವರನ್ನು ಯಾರೂ ಕಾಣರು. ಜಾಗವಿದ್ದರೆ ದಾರಿಯನ್ನು ಕಾಂಪೌಂಡಿನಿಂದ ಕೆಲವು ಮೀಟರ್ ನೀರಿನ ಕಡೆಗೆ ಸರಿಸಿ, ನಡುವೆ ಸೊಂಟದೆತ್ತರದ ಪೊದೆಗಳ ಸಾಲು ನೆಡಿ. ಜಾಗವಿಲ್ಲದಿದ್ದರೆ ಆ ಒಂದು ತುಂಡಿನಲ್ಲಿ ಮಾತ್ರ ಬೇಲಿಗೆ ಬಳ್ಳಿ ಹಬ್ಬಿಸಿ, ಉಳಿದ ಕಡೆ ನೋಟ ಹಾಯುವ ತಂತಿ ಬೇಲಿಯನ್ನೇ ಇಡಿ. ಮನೆಯವರ ಹಿಂಬಾಗಿಲು ದಾರಿಯ ಕಡೆಗೆ ತೆರೆಯುವಂತಿದ್ದು, ಅವರೇ ಸಂಜೆ ಹೊರಗೆ ಬಂದು ಕೂರುವಂತಾದರೆ ಇನ್ನೂ ಒಳ್ಳೆಯದು. ಆದರೆ ಅದನ್ನು ಅವರ ಮೇಲೆ ಹೇರಲಾಗದು.

ದೀಪದ ವಿಷಯದಲ್ಲಿ ಹೆಚ್ಚು ಬೆಳಕು ಹೆಚ್ಚು ಸುರಕ್ಷಿತ ಎಂಬ ನಂಬಿಕೆಯನ್ನು ಬಿಡಿ. ಎತ್ತರದ ಕಂಬದ ಒಂದು ಪ್ರಖರ ದೀಪ ತನ್ನ ಕೆಳಗೆ ಹಗಲು ಮಾಡಿ, ಹತ್ತು ಹೆಜ್ಜೆ ಆಚೆಯ ಕತ್ತಲನ್ನು ಇನ್ನಷ್ಟು ಗಾಢ ಮಾಡುತ್ತದೆ. ಪಕ್ಕದ ಮನೆಯವರ ನಿದ್ದೆಯನ್ನೂ ನೀರುಹಕ್ಕಿಗಳ ಗೂಡನ್ನೂ ಕೆಡಿಸುತ್ತದೆ. ತಗ್ಗಿನಲ್ಲಿ, ನೆಲದ ಕಡೆಗೆ ಮಾತ್ರ ಬೆಳಕು ಬೀಳುವಂತೆ ಮರೆ ಮಾಡಿದ ದೀಪಗಳು ಒಂದೇ ಸಮನಾಗಿ ಇರಲಿ. ಗೇಟು ಮುಚ್ಚಿದ ಮೇಲೆ ಆರಿಸಿ.

ಮುಂದಿನ ಮಾತು ಗೇಟಿನದು. ಬೈಕ್ ಒಳಬಾರದಂತೆ ಮಾಡುವ ಅಡ್ಡಿ ಗಾಲಿಕುರ್ಚಿಯನ್ನೂ ತಡೆಯುತ್ತದೆ. ಗಾಲಿಕುರ್ಚಿ ಹೋಗಲು ಕನಿಷ್ಠ 90 ಸೆಂಟಿಮೀಟರ್ ತೆರವು ಬೇಕು, ಅಷ್ಟರಲ್ಲಿ ಸ್ಕೂಟರ್ ನುಸುಳುತ್ತದೆ. ಸುತ್ತುಗೇಟು ಹಾಕಿ ಕೈತೊಳೆದುಕೊಳ್ಳುವುದು ಅಂಗವಿಕಲರ ಹಕ್ಕುಗಳ ಕಾಯ್ದೆ, 2016ಕ್ಕೆ ವಿರುದ್ಧ. ಇದಕ್ಕೆ ಪೂರ್ಣ ಪರಿಹಾರವನ್ನು ನಾನು ಕಂಡಿಲ್ಲ. ಕನಿಷ್ಠ ಎರಡು ದ್ವಾರಗಳಲ್ಲಿ ಮೆಟ್ಟಿಲಿಲ್ಲದೆ, ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಮಾಡಿ ಅಲ್ಲಿ ಕಾವಲು ಇಡುವುದು, ಉಳಿದವುಗಳಲ್ಲಿ ಬೈಕ್ ತಡೆಯುವ ಕಂಬಗಳನ್ನು ನೆಡುವುದು — ಇದು ರಾಜಿ, ಆದರೆ ಮಾಡಬಹುದಾದ ರಾಜಿ. ದ್ವಾರಗಳ ಸಂಖ್ಯೆಯನ್ನು ಭದ್ರತೆಯ ಹೆಸರಿನಲ್ಲಿ ಒಂದಕ್ಕೆ ಇಳಿಸಬೇಡಿ. ಎರಡು ಕಿಲೋಮೀಟರ್ ಸುತ್ತಿನ ಕೆರೆಗೆ ಒಂದೇ ದ್ವಾರವಿದ್ದರೆ ಆಚೆ ದಡದಲ್ಲಿ ತೊಂದರೆಗೆ ಸಿಕ್ಕ ಹೆಂಗಸಿಗೆ ಹೊರಹೋಗುವ ದಾರಿ ಒಂದು ಕಿಲೋಮೀಟರ್ ದೂರವಾಗುತ್ತದೆ.

ದಾರಿಯ ನೆಲಕ್ಕೆ ಕಾಂಕ್ರೀಟ್ ಬದಲು ಗಟ್ಟಿಸಿದ ಮೊರಂ ಸಾಕು. ಕೋಡಿ, ತೂಬುಗಳ ಹತ್ತಿರ ಆಳದ ಎಚ್ಚರಿಕೆ ಫಲಕ, ಹಗ್ಗ, ತೇಲುಬಳೆ ಇರಲಿ. ಕಾಂಪೌಂಡಿನ ಪಕ್ಕದ ಚರಂಡಿಯನ್ನು ದಾರಿಯ ಕೆಲಸದಲ್ಲಿ ಮುಚ್ಚಿಬಿಟ್ಟರೆ ಮೊದಲ ಮಳೆಗೇ ಹಿತ್ತಲಿಗೆ ನೀರು ನುಗ್ಗುತ್ತದೆ, ಆಮೇಲೆ ಆ ಮನೆಯವರ ಜೊತೆ ಯಾವ ಮಾತೂ ನಡೆಯುವುದಿಲ್ಲ.

ಆರನೆಯ ಹೆಜ್ಜೆ: ಹೊತ್ತು ಗೊತ್ತುಮಾಡಿ, ಮುಚ್ಚುವುದಕ್ಕೆ ಕೊನೆಯ ದಿನ ಬರೆಯಿರಿ

ಬೆಂಗಳೂರಿನ ಪಾಲಿಕೆ ಉದ್ಯಾನಗಳನ್ನು 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವಂತೆ ಆದೇಶವಾಯಿತು. ಕೆರೆಗೆ ರಾತ್ರಿ ಹತ್ತು ತಡವೇ. ನೀರಿನ ಅಂಚು ಉದ್ಯಾನವಲ್ಲ, ಹಕ್ಕಿಗಳಿಗೂ ಕತ್ತಲು ಬೇಕು. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಎಡೆಬಿಡದೆ ತೆರೆದಿರುವುದನ್ನು ಮೂಲ ನಿಯಮವಾಗಿ ಇಟ್ಟುಕೊಳ್ಳಿ. ಮುಚ್ಚಬೇಕೆನ್ನುವವರು ಕಾರಣ ತೋರಿಸಲಿ, ತೆರೆಯಬೇಕೆನ್ನುವವರು ಬೇಡುವಂತಾಗಬಾರದು.

ಕೆಟ್ಟ ಘಟನೆಯೊಂದು ನಡೆದು ಒಂದು ಗೇಟನ್ನು ಮುಚ್ಚಲೇಬೇಕಾದರೆ ಆ ಆದೇಶವನ್ನು ಸಂಘವಲ್ಲ, ಕೆರೆಯ ಹೊಣೆ ಹೊತ್ತ ಅಧಿಕಾರಿಯೇ ಬರಹದಲ್ಲಿ ಕೊಡಬೇಕು. ಅದರಲ್ಲಿ ನಾಲ್ಕು ಅಂಶ ಇರಲಿ: ಯಾವ ಗೇಟು, ಯಾವ ಗಂಟೆಗಳಲ್ಲಿ, ಯಾವ ಕಾರಣಕ್ಕೆ, ಯಾವ ದಿನಾಂಕದವರೆಗೆ. ಕೊನೆಯ ದಿನಾಂಕವಿಲ್ಲದ ಬೀಗವೇ ಶಾಶ್ವತವಾಗುವ ಬೀಗ. ನಾನು ಒಡನಾಡಿದ ಒಂದು ಕೆರೆಯಲ್ಲಿ ಕೋವಿಡ್ ಕಾಲಕ್ಕೆಂದು ಹಾಕಿದ ಬೀಗವನ್ನು ಮೂರು ವರ್ಷದ ನಂತರ ಯಾಕೆ ತೆಗೆದಿಲ್ಲ ಎಂದು ಕೇಳಿದಾಗ ಯಾರಿಗೂ ಉತ್ತರ ಗೊತ್ತಿರಲಿಲ್ಲ, ಬೀಗದ ಕೈ ಯಾರಲ್ಲಿದೆ ಎಂಬುದೂ ಗೊತ್ತಿರಲಿಲ್ಲ.

ಗಣೇಶ ವಿಸರ್ಜನೆಯ ದಿನಗಳಿಗೆ ಬೇರೆಯದೇ ಯೋಜನೆ ಬೇಕು. ಸ್ಯಾಂಕಿ, ಹಲಸೂರು, ಯಡಿಯೂರು ಕೆರೆಗಳಲ್ಲಿರುವಂತೆ ಪ್ರತ್ಯೇಕ ಕಲ್ಯಾಣಿ ಇದ್ದರೆ ಜನಸಂದಣಿ ಒಂದು ಮೂಲೆಗೆ ಸೀಮಿತವಾಗುತ್ತದೆ. ಆ ರಸ್ತೆಯ ಮನೆಯವರಿಗೆ ಓಡಾಡಲು ಗುರುತಿನ ಚೀಟಿ, ಆಂಬುಲೆನ್ಸಿಗೆ ಬಿಟ್ಟ ದಾರಿ, ಮರುದಿನ ಬೆಳಗಾಗುವುದರೊಳಗೆ ಕಸ ತೆಗೆಯುವ ಹೊಣೆ ಯಾರದೆಂಬ ಹೆಸರು — ಇವನ್ನು ಹಬ್ಬಕ್ಕೆ ಒಂದು ತಿಂಗಳ ಮುನ್ನ ನಿರ್ಧರಿಸಿ.

ಏಳನೆಯ ಹೆಜ್ಜೆ: ಕಾವಲು ಮತ್ತು ಕ್ಯಾಮೆರಾ

ಕಾವಲುಗಾರನಿಗೆ ಏನು ಮಾಡಬಾರದೆಂದು ಬರೆದುಕೊಡುವುದು ಏನು ಮಾಡಬೇಕೆಂದು ಹೇಳುವುದಕ್ಕಿಂತ ಮುಖ್ಯ. ಬಂದವರ ಆಧಾರ್ ಕೇಳಬಾರದು, ಬಟ್ಟೆ ನೋಡಿ ತಡೆಯಬಾರದು, ಜೊತೆಯಲ್ಲಿ ಕುಳಿತ ಹುಡುಗ ಹುಡುಗಿಯರನ್ನು ‘ನೀವು ಗಂಡ ಹೆಂಡತಿಯಾ’ ಎಂದು ಪ್ರಶ್ನಿಸಬಾರದು. ಗಲಾಟೆ, ಕುಡಿತ, ಹಿಂಬಾಲಿಸುವುದು ಕಂಡರೆ 112ಕ್ಕೆ ಕರೆ ಮಾಡುವುದು ಅವನ ಕೆಲಸ, ಹೊಡೆಯುವುದಲ್ಲ.

ಕ್ಯಾಮೆರಾ ಗೇಟಿನ ಕಡೆಗೆ, ಕವಲುಗಳ ಕಡೆಗೆ ತಿರುಗಿರಲಿ. ಮನೆಯ ಕಿಟಕಿಯೂ ಶೌಚಾಲಯದ ಬಾಗಿಲೂ ಚೌಕಟ್ಟಿನಲ್ಲಿ ಬರಬಾರದು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಎಚ್ಚರ ಮನೆಯವರಿಗೂ ನಡೆಯುವವರಿಗೂ ಸಮಾನವಾಗಿ ಸಲ್ಲುತ್ತದೆ. ದೃಶ್ಯ ಎಷ್ಟು ದಿನ ಉಳಿಯುತ್ತದೆ, ಯಾರು ನೋಡಬಹುದು ಎಂಬ ಫಲಕವನ್ನು ಕನ್ನಡದಲ್ಲಿ ಹಾಕಿ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಯಾರದೋ ಚಿತ್ರ ಹಾಕಿ ‘ಅನುಮಾನಾಸ್ಪದ ವ್ಯಕ್ತಿ’ ಎಂದು ಬರೆಯುವ ಚಾಳಿಗೆ ಒಪ್ಪಂದದಲ್ಲೇ ತಡೆ ಇರಬೇಕು. ಆ ಚಿತ್ರದಲ್ಲಿದ್ದವರು ಬಹುತೇಕ ಯಾರದೋ ಮನೆಯ ಪೇಂಟರೋ ಪ್ಲಂಬರೋ ಆಗಿರುತ್ತಾರೆ.

ಎಂಟನೆಯ ಹೆಜ್ಜೆ: ಒಪ್ಪಂದ ಬರೆಯಿರಿ, ತೊಂಬತ್ತು ದಿನ ನಡೆಸಿ ನೋಡಿ

ಒಪ್ಪಂದ ಎರಡು ಪುಟ ಮೀರದಿರಲಿ, ಕನ್ನಡದಲ್ಲಿರಲಿ. ದಾರಿಯ ಗಡಿ ತೋರಿಸುವ ನಕ್ಷೆ, ತೆರೆಯುವ ಹೊತ್ತು, ಪ್ರತಿ ಬೀಗದ ಕೈ ಯಾರ ಬಳಿ ಎಂಬ ಹೆಸರು ಮತ್ತು ಅವರಿಲ್ಲದಾಗ ಯಾರು ಎಂಬ ಇನ್ನೊಂದು ಹೆಸರು, ಕಸ ಮತ್ತು ದೀಪದ ಹೊಣೆ, ದೂರು ಕೊಡುವ ಜಾಗ, ಉತ್ತರಕ್ಕೆ ಗಡುವು — ಇಷ್ಟು ಸಾಕು. ಸಹಿ ಹಾಕುವವರಲ್ಲಿ ಕೆರೆಯ ಅಧಿಕಾರಿ, ನಿವಾಸಿಗಳ ಸಂಘ, ಆಚೆ ದಡದ ಕಾಲೋನಿಯ ಪ್ರತಿನಿಧಿ ಮೂವರೂ ಇರಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ ನಿಮ್ಮ ಕೆರೆಯ ಕಡತ ಯಾವ ಕಚೇರಿಯಲ್ಲಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ತಪ್ಪು ಕಚೇರಿಯ ಅಧಿಕಾರಿಯ ಸಹಿಗೆ ಬೆಲೆಯಿಲ್ಲ.

ಮೊದಲ ಒಪ್ಪಂದಕ್ಕೆ ತೊಂಬತ್ತು ದಿನದ ಪ್ರಯೋಗ ಎಂದು ಹೆಸರಿಡಿ. ಶಾಶ್ವತ ಎಂದರೆ ‘ಬೇಡ’ ಎನ್ನುವ ಮನೆಯವರು ತೊಂಬತ್ತು ದಿನಕ್ಕೆ ‘ನೋಡೋಣ’ ಎನ್ನುತ್ತಾರೆ. ಆ ಅವಧಿಯಲ್ಲಿ ಬಂದ ಪ್ರತಿ ದೂರಿಗೂ ಮೂರನೆಯ ಹೆಜ್ಜೆಯ ನಕ್ಷೆಯಲ್ಲಿ ಜಾಗ ಮತ್ತು ಹೊತ್ತು ಬರೆದುಕೊಳ್ಳುತ್ತಾ ಹೋಗಿ. ಮಾತು ಕೊಟ್ಟ ದೀಪ, ಪೊದೆ, ಚರಂಡಿ ಆಗುವವರೆಗೆ ಪ್ರಯೋಗವನ್ನು ಆರಂಭಿಸಲೇಬೇಡಿ. ಗೇಟು ಮಾತ್ರ ತೆರೆದು ಉಳಿದದ್ದನ್ನು ಮರೆತರೆ ಮನೆಯವರು ಮೋಸಹೋದೆವೆಂದುಕೊಳ್ಳುವುದು ನ್ಯಾಯವೇ.

ಒಂಬತ್ತನೆಯ ಹೆಜ್ಜೆ: ಮಾತು ಮುರಿದುಬಿದ್ದರೆ

ಸಾರ್ವಜನಿಕ ಜಾಗಕ್ಕೆ ಯಾರೋ ಬೀಗ ಹಾಕಿದರೆ ಒಡೆಯಲು ಹೋಗಬೇಡಿ. ಆಮೇಲೆ ಪ್ರಕರಣ ಬೀಗದ ಬಗ್ಗೆ ಉಳಿಯದೆ ನಿಮ್ಮ ಬಗ್ಗೆ ಆಗುತ್ತದೆ. ದಿನಾಂಕ ಕಾಣುವ ಚಿತ್ರ ತೆಗೆದು, ನಕ್ಷೆಯ ಪ್ರತಿಯೊಡನೆ ಕೆರೆ ವಿಭಾಗಕ್ಕೂ ತಹಶೀಲ್ದಾರರಿಗೂ ಬರೆಯಿರಿ, ಸ್ಥಳ ಮಹಜರು ಕೇಳಿ. ಸಾರ್ವಜನಿಕ ದಾರಿಯ ಅಡ್ಡಿಯನ್ನು ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಂ, ನ್ಯಾಯಾಲಯದ ಅನುಮತಿಯೊಂದಿಗೆ, ಸ್ವಂತ ನಷ್ಟವಾಗದಿದ್ದರೂ ಇಬ್ಬರು ಅಥವಾ ಹೆಚ್ಚು ಜನ ಸೇರಿ ದಾವೆ ಹೂಡಲು ಅವಕಾಶ ಕೊಡುತ್ತದೆ. ಹೈಕೋರ್ಟಿನ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಕೊನೆಯದಾಗಿರಲಿ.

ಇದೇ ಬಾಗಿಲುಗಳು ಮನೆಯವರಿಗೂ ತೆರೆದಿವೆ. ದಾರಿಯ ಕೆಲಸದಲ್ಲಿ ಗಡಿಕಲ್ಲು ಸರಿದಿದ್ದರೆ ಅವರು ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಸರ್ವೆಗೆ, ಅರ್ಜಿ ಹಾಕಿ ಅಳತೆ ಮಾಡಿಸಬಹುದು, ನೋಟಿಸಿಲ್ಲದೆ ಕಾಂಪೌಂಡ್ ಕೆಡವಲು ಬಂದರೆ ತಡೆಯಾಜ್ಞೆ ಕೇಳಬಹುದು. ಅಳತೆಯ ದಿನ ಎರಡೂ ಕಡೆಯವರು ಹಾಜರಿದ್ದು, ಮಹಜರಿಗೆ ಸಹಿ ಹಾಕುವ ಮುನ್ನ ಪೂರ್ತಿ ಓದಿ, ಒಪ್ಪದ ಅಂಶವಿದ್ದರೆ ಸಹಿಯ ಮೇಲೆಯೇ ಅದನ್ನು ಬರೆದು, ಪ್ರತಿಯನ್ನು ಅಂದೇ ಕೇಳಿ ಪಡೆಯಬೇಕು.